ದುಡ್ಡು ಹಂಚದೆ ನಗರಸಭೆ ಗೆದ್ದಿದ್ದು: ನನ್ನ ಅನುಭವ

ದುಡ್ಡಿನ ಕವರ್ ಹಂಚದೆ ಚಿಕ್ಕಮಗಳೂರು ನಗರಸಭೆಗೆ ಆರಿಸಿ ಬರೋಕಾಗಲ್ಲ ಅಂತ ನನಗೆ ಬುದ್ಧಿ ಹೇಳದವರಿಲ್ಲ. 2021ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದ ಮೇಲೆ ಅವರೇ ಬಂದು "ಅದೇನು ಮಾಡಿದ್ರಿ ಮೆಂಬರ್ರೇ?" ಅಂತ ಕೇಳುತ್ತಾರೆ. ಮುಂದಿನ ಸಲ ನಿಲ್ಲಬೇಕು ಅಂತಿರುವವರಿಗಾಗಿ ಬರೆಯುತ್ತಿದ್ದೇನೆ. ನಾಮಪತ್ರ, ಬಿ ಫಾರಂ, ಬೂತ್ ಏಜೆಂಟ್ ವಿಷಯವೆಲ್ಲ ನಿಮಗೆ ಗೊತ್ತೇ ಇದೆ, ಅದನ್ನು ಬಿಡೋಣ.

2013ರಲ್ಲಿ ನಿಂತು ಸೋತೆ. ಫ್ಲೆಕ್ಸು, ಆಟೋ, ಮೈಕು, ಹುಡುಗರ ಊಟ, ಪೆಟ್ರೋಲು ಅಂತ ಒಂದೂವರೆ ಲಕ್ಷದ ಹತ್ತಿರ ಕೈಬಿಟ್ಟಿತು. ಹೆಂಡತಿಯ ಸರ ಸೊಸೈಟಿಯಲ್ಲಿ ಅಡ ಇಟ್ಟಿದ್ದೆ. ಬಿಡಿಸಿಕೊಳ್ಳೋಕೆ ಎರಡು ವರ್ಷಕ್ಕೂ ಜಾಸ್ತಿ ಹಿಡಿಯಿತು. ಎದುರಿನವರು ಕೊನೆಯ ರಾತ್ರಿ ಒಂದು ಸುತ್ತು ಬಂದರು, ಅಷ್ಟೇ. ನನ್ನ ಹಿಂದೆ ತಿಂಗಳುಗಟ್ಟಲೆ ಓಡಾಡಿದ ಬೀದಿಗಳೇ ಕೈಕೊಟ್ಟವು.

ಆಮೇಲೆ ಕೂತು ಲೆಕ್ಕ ಹಾಕಿದೆ. 2011ರ ಜನಗಣತಿ ಪ್ರಕಾರ ಊರಿನ ಜನ 1.18 ಲಕ್ಷ. ವಾರ್ಡು 35. ವಾರ್ಡಿಗೆ ಸರಾಸರಿ 3,400 ಜನ. ಮಕ್ಕಳನ್ನು, ಮತ ಹಾಕೋಕೆ ಬಾರದವರನ್ನು ಕಳೆದು, ಮೂರು ಜನ ಗಟ್ಟಿ ಅಭ್ಯರ್ಥಿಗಳಿದ್ದರೆ ಏಳೆಂಟು ನೂರು ಮತಕ್ಕೆ ಗೆಲುವು. ಅಂದ್ರೆ ಸುಮಾರು 250 ಮನೆ. ಅಷ್ಟು ಮನೆಯ ಕೆಲಸವನ್ನು ಒಬ್ಬನೇ ಓಡಾಡಿ ಮಾಡಿಸಿಕೊಡಬಹುದು ಅಲ್ವಾ?

ಒಂದು ದಪ್ಪ ಲೆಡ್ಜರ್ ತಂದೆ. ಮನೆಗೊಂದು ಪುಟ. ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತೆ, ಮನೆಯ ಖಾತೆ (ನಗರಸಭೆಯ ಆಸ್ತಿ ದಾಖಲೆ) ಯಾರ ಹೆಸರಲ್ಲಿದೆ, ಕಂದಾಯ ಎಲ್ಲಿವರೆಗೆ ಕಟ್ಟಿದ್ದಾರೆ, ಅಜ್ಜಿಯ ಪಿಂಚಣಿ ನಿಂತಿದೆಯಾ, ಎಲ್ಲ ಅದರಲ್ಲಿ. ಬಾಯಿಮಾತಿನ ದೂರನ್ನು ನಾನು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಅರ್ಜಿ ಬರೆಸಿ, ನಗರಸಭೆ ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿ, ಆ ನಂಬರನ್ನು ಪುಟದಲ್ಲಿ ಬರೆಯುತ್ತಿದ್ದೆ. ಅಧಿಕಾರಿಗೆ ವರ್ಗ ಆಗುತ್ತೆ, ನಂಬರಿಗೆ ಆಗಲ್ಲ. ಪುಟಗಳನ್ನು ಯಾವ ಕ್ರಮದಲ್ಲಿ ಜೋಡಿಸಿದ್ದೆ, ಯಾವ ಮನೆಗೆ ಯಾವ ದಿನ ಹೋಗುತ್ತಿದ್ದೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ.

ಹೆಚ್ಚಿನ ಮತ ತಂದುಕೊಟ್ಟಿದ್ದು ನೀರು. ಯಗಚಿ, ಹಿರೇಕೊಳಲೆ ಕೆರೆ ಎರಡರಿಂದಲೂ ಊರಿಗೆ ನೀರು ಬರುತ್ತೆ, ಆದರೂ ನಮ್ಮ ಮೇಲಿನ ಬೀದಿಗೆ ಹತ್ತುತ್ತಿರಲಿಲ್ಲ. ಪೈಪೇ ಬದಲಿಸಬೇಕು, ಲಕ್ಷಗಟ್ಟಲೆ ಬೇಕು ಅನ್ನುತ್ತಿದ್ದರು. ಬೆಳಗಿನ ಜಾವ ವಾಲ್ವ್ ತಿರುಗಿಸುವವನ ಜೊತೆ ನಾನೇ ಹೋದೆ. ಅವನು ಚೇಂಬರಿನ ಚಪ್ಪಡಿ ಸರಿಸಿ, ಉದ್ದನೆಯ ಕಬ್ಬಿಣದ ಕೀ ಇಳಿಸಿ, ಮೈಭಾರ ಹಾಕಿ ತಿರುಗಿಸುತ್ತಾನೆ. ಕೆಳಗಿನ ಬೀದಿಯಲ್ಲಿ ಒಂದೊಂದೇ ಮೋಟರ್ ಗುಂಯ್ ಅನ್ನೋಕೆ ಶುರುವಾಗುತ್ತೆ. ನಲ್ಲಿಗೇ ನೇರ ಮೋಟರ್ ಕೊಟ್ಟಿದ್ದಾರೆ. ಮೇಲಿನ ಬೀದಿಯ ನಲ್ಲಿ ತಿರುಗಿಸಿದರೆ ಬುಸ್ ಅಂತ ಬರೀ ಗಾಳಿ. ಲೈನು ಮಧ್ಯದಲ್ಲಿ ಎರಡು ಕವಲಾಗುವುದು ಕಣ್ಣಿಗೆ ಬಿತ್ತು. ಕೆಳಗಿನ ಕವಲಿಗೆ ಒಂದು ಗೇಟ್ ವಾಲ್ವ್ ಹಾಕಿ, ಮೊದಲ ಮುಕ್ಕಾಲು ಗಂಟೆ ಮುಚ್ಚಿಟ್ಟರೆ ಸಾಕಿತ್ತು. ಅಗೆತ, ಕೂಲಿ, ವಾಲ್ವ್ ಎಲ್ಲ ಸೇರಿ ಹನ್ನೆರಡು ಹದಿಮೂರು ಸಾವಿರದ ಕೆಲಸ. ಅದನ್ನು ಮಂಜೂರು ಮಾಡಿಸೋಕೆ ಸುಮಾರು ಒಂದು ವರ್ಷ ಅರ್ಜಿ ಹಿಂದೆ ಅರ್ಜಿ ಹಾಕಿದೆ. ಆಗ ನಾನು ಮೆಂಬರ್ ಅಲ್ಲ, ಯಾರೂ ಅಲ್ಲ. ನೀರು ಬಂದ ದಿನ ಆ ಬೀದಿಯ ಅಕ್ಕಂದಿರು ಕೊಡ ತುಂಬಿಸಿಕೊಂಡೇ ನನ್ನ ಮನೆಗೆ ಹೇಳಿ ಕಳಿಸಿದರು.

ವಾಲ್ವ್ ಜೊತೆಗೆ ನಲ್ಲಿಗೆ ಕೊಟ್ಟಿದ್ದ ಮೋಟರುಗಳನ್ನೂ ತೆಗೆಸಿದ್ದಕ್ಕೆ ಕೆಳಗಿನ ಬೀದಿಯ ಹತ್ತು ಹದಿನೈದು ಮನೆ ಮುನಿಸಿಕೊಂಡವು. ಇವತ್ತಿಗೂ ಮಾತಿಲ್ಲ.

ಎಲ್ಲವೂ ಕೈಹಿಡಿಯಲಿಲ್ಲ. ಊರಿನ ಕಸ ಹಾಕುವ ಇಂದಾವರಕ್ಕೆ ನಮ್ಮ ಕಸ ಹೋಗುವುದು ಕಡಿಮೆಯಾಗಲಿ ಅಂತ ಖಾಲಿ ಸೈಟಿನಲ್ಲಿ ಗುಂಡಿ ತೋಡಿಸಿ ಹಸಿ ಕಸದ ಗೊಬ್ಬರ ಮಾಡಿಸಿದೆ. ಬೇಸಿಗೆಯಲ್ಲಿ ಚೆನ್ನಾಗಿತ್ತು. ನಮ್ಮೂರ ಮಳೆ ಗೊತ್ತಲ್ಲ, ಜುಲೈನಲ್ಲಿ ಗುಂಡಿ ತುಂಬಿ ನಾತ ಬೀದಿಗೆ ಬಂತು. ಎಂಟು ಸಾವಿರ ನೀರಿಗೆ ಹಾಕಿದ ಹಾಗಾಯಿತು. ತಗಡು ಹೊದಿಸಿ ಇನ್ನೊಮ್ಮೆ ಮಾಡಬೇಕು ಅಂತಿದ್ದೇನೆ. ಆಮೇಲೆ ವಾರ್ಡಿನ ಗಡಿ ಬದಲಾಗಿ ಎರಡು ಬೀದಿ ಪಕ್ಕದ ವಾರ್ಡಿಗೆ ಹೋದವು. ಲೆಡ್ಜರಿನ ಒಂದು ನಲವತ್ತು ಪುಟ ನನಗೆ ಸುಮ್ನೆ ಉಳಿಯಿತು. ಆ ಮನೆಗಳವರು ಈಗಲೂ ಬರುತ್ತಾರೆ, ಬರಬೇಡಿ ಅನ್ನೋಕೆ ಮನಸ್ಸು ಬರಲ್ಲ.

2021ರಲ್ಲಿ ನಗರಸಭೆ ಅಭ್ಯರ್ಥಿಗೆ ವೆಚ್ಚದ ಮಿತಿ 2 ಲಕ್ಷ ಇತ್ತು. ನನ್ನದು ತೊಂಬತ್ತು ಸಾವಿರ ದಾಟಲಿಲ್ಲ. ಕೊನೆಯ ರಾತ್ರಿ ಕವರ್ ಓಡಾಡಿದವು. ಜನ ತೆಗೆದುಕೊಂಡರು, ಮತ ನನಗೆ ಹಾಕಿದರು. ತೊಂಬತ್ತು ಚಿಲ್ಲರೆ ಮತದ ಅಂತರ. ದೊಡ್ಡದಲ್ಲ, ಆದರೆ ಒಂದೂ ಕೊಂಡಿದ್ದಲ್ಲ.

ಗೆದ್ದ ಮೇಲೂ ಲೆಡ್ಜರ್ ಮುಚ್ಚಿಲ್ಲ. 2025ರಲ್ಲಿ ಬಿ ಖಾತಾ ಅಭಿಯಾನ (ಅನಧಿಕೃತ ಬಡಾವಣೆಯ ಆಸ್ತಿಗಳಿಗೂ ಖಾತೆ ಕೊಡುವುದು) ಬಂದಾಗ ಬೇರೆ ವಾರ್ಡಿನವರು ದಾಖಲೆ ಹುಡುಕುತ್ತಿದ್ದರು. ನನ್ನ ಹತ್ತಿರ ಯಾರ ಖಾತೆ ನಿಂತಿದೆ, ಯಾವ ಕಾಗದ ಕಡಿಮೆ ಅನ್ನೋ ಪಟ್ಟಿ ಸಿದ್ಧವಿತ್ತು. ಮೊದಲ ವಾರಗಳಲ್ಲೇ ಐವತ್ತು ಅರವತ್ತು ಮನೆಯ ಅರ್ಜಿ ಹಾಕಿಸಿದೆ. ಮೇಲಿನ ಬೀದಿಗೆ ಹೊಸ ಲೈನಿನ ಅಂದಾಜು ಪಟ್ಟಿಯೂ ಆಗಿದೆ, ಕ್ರಿಯಾ ಯೋಜನೆಗೆ ಸೇರಿಸೋಕೆ ಪ್ರತಿ ಸಭೆಯಲ್ಲೂ ಎದ್ದು ನಿಲ್ಲುತ್ತೇನೆ.

ನೀವು ಶುರು ಮಾಡುವುದಿದ್ದರೆ ಏಪ್ರಿಲ್‌ನಲ್ಲಿ ಮಾಡಿ. ಕಂದಾಯಕ್ಕೆ 5 ಪರ್ಸೆಂಟ್ ರಿಯಾಯಿತಿ ಇರುತ್ತೆ, ಜನ ಹಳೇ ರಸೀದಿಗಳನ್ನೆಲ್ಲ ಹೊರಗೆ ತೆಗೆದಿಟ್ಟಿರುತ್ತಾರೆ. ಜಗಲಿ ಮೇಲೆ ಕೂತರೆ ಅರ್ಧ ಪುಟ ಅಲ್ಲೇ ತುಂಬುತ್ತೆ.