ಟೊಲುಯೀನ್ ತುಂಬುವಾಗ ಯಾವ ಸುರಕ್ಷಾ ಕ್ರಮ ಮೊದಲು?

ರಿಯಾಕ್ಟರ್‌ಗೆ (ರಾಸಾಯನಿಕ ಕ್ರಿಯೆ ನಡೆಸುವ ಪಾತ್ರೆಗೆ) ಬೇಗ ಹೊತ್ತಿಕೊಳ್ಳುವ ದ್ರಾವಕವಾದ ಟೊಲುಯೀನ್ ತುಂಬುವ ಕೆಲಸಕ್ಕೆ ಸುರಕ್ಷಾ ಪಟ್ಟಿ ಮಾಡಲು ಕೂತರೆ ಮೊದಲು ನೆನಪಾಗುವುದು ಕೈಗವಸು, ಕನ್ನಡಕ, ಎಚ್ಚರಿಕೆ ಫಲಕ. ಅವು ಬೇಕು, ಆದರೆ ಅವುಗಳ ಜಾಗ ಪಟ್ಟಿಯ ಕೊನೆ.

ಪ್ರತಿ ಅಪಾಯದ ತೀವ್ರತೆಗೂ ಸಂಭವಕ್ಕೂ 1ರಿಂದ 5ರವರೆಗೆ ಅಂಕ ಕೊಟ್ಟು ಗುಣಿಸಿ. ಗುಣಲಬ್ಧವನ್ನೇ ನಂಬಬೇಡಿ: ಸ್ಫೋಟಕ್ಕೆ 5×1, ಅಂದರೆ 5, ಜಾರಿ ಬೀಳುವುದಕ್ಕೆ 2×4, ಅಂದರೆ 8 ಬರುತ್ತದೆ. ತೀವ್ರತೆ 5 ಇದ್ದರೆ ಗುಣಲಬ್ಧ ಎಷ್ಟೇ ಇರಲಿ, ಅದೇ ಮೊದಲ ಸಾಲಿಗೆ.

ಟೊಲುಯೀನ್‌ನ ಫ್ಲ್ಯಾಶ್ ಪಾಯಿಂಟ್, ಅಂದರೆ ಕಿಡಿ ತಾಗಿದರೆ ಆವಿ ಹೊತ್ತಿಕೊಳ್ಳಬಲ್ಲ ಕನಿಷ್ಠ ಉಷ್ಣತೆ, ಸುಮಾರು 4 ಡಿಗ್ರಿ ಸೆಲ್ಸಿಯಸ್. ವಿದ್ಯುತ್ತನ್ನು ಸರಿಯಾಗಿ ಹರಿಯಬಿಡದ ದ್ರವವಾದ್ದರಿಂದ ಹರಿವಿನಲ್ಲೇ ಸ್ಥಾಯೀ ವಿದ್ಯುತ್ ಕೂಡಿಕೊಳ್ಳುತ್ತದೆ. ಬರಿಗಣ್ಣಿಗೆ ಕಾಣದ ಕಿಡಿಯೂ ಆವಿಯನ್ನು ಹೊತ್ತಿಸಬಲ್ಲದು.

ಆದ್ದರಿಂದ ಮೊದಲು ಮ್ಯಾನ್‌ಹೋಲ್ (ರಿಯಾಕ್ಟರ್‌ನ ತೆರೆದ ಬಾಯಿ) ಮೂಲಕ ಸುರಿಯುವುದನ್ನೇ ನಿಲ್ಲಿಸಿ, ಮುಚ್ಚಿದ ಲೈನ್ ಹಾಕಿ. ಪುಡಿಯನ್ನು ದ್ರಾವಕದ ಮೇಲೆ ಸುರಿಯುವ ಪದ್ಧತಿ ಇನ್ನೂ ಅಪಾಯಕಾರಿ. ಪ್ರಕ್ರಿಯೆ ಒಪ್ಪಿದರೆ ಪುಡಿ ಮೊದಲು, ದ್ರಾವಕ ನಂತರ. ಎರಡನೆಯದು ನೈಟ್ರೋಜನ್: ಅದನ್ನು ಹಾಯಿಸಿ ಒಳಗಿನ ಆಮ್ಲಜನಕ ಶೇ 8ಕ್ಕಿಂತ ಕೆಳಗಿಳಿದ ಮೇಲೆ ದ್ರಾವಕ ಬಿಡಿ. ಆಮೇಲೆ ಅರ್ಥಿಂಗ್ (ಸ್ಥಾಯೀ ವಿದ್ಯುತ್ತನ್ನು ನೆಲಕ್ಕೆ ಹರಿಸುವ ಸಂಪರ್ಕ), ಅದರ ರೋಧ 10 ಓಮ್ ಒಳಗೆ. ಅದು ತಪ್ಪಿದರೆ ಪಂಪ್ ಶುರುವಾಗದಂತೆ ಇಂಟರ್‌ಲಾಕ್ ಇರಲಿ. ಬಣ್ಣದ ಮೇಲೆ ಅರ್ಥಿಂಗ್ ಕ್ಲಿಪ್ ಕಚ್ಚಿಸಿದರೆ ಸಂಪರ್ಕವೇ ಇರುವುದಿಲ್ಲ. ಡಿಪ್ ಪೈಪಿನ (ಪಾತ್ರೆಯ ತಳದ ಹತ್ತಿರದವರೆಗೆ ಇಳಿಯುವ ಪೈಪಿನ) ತುದಿ ಮುಳುಗುವವರೆಗೆ ಹರಿವಿನ ವೇಗ ಸೆಕೆಂಡಿಗೆ 1 ಮೀಟರ್ ಮೀರಬಾರದು, 25 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ಅದು ನಿಮಿಷಕ್ಕೆ ಸುಮಾರು 29 ಲೀಟರ್.

ನೈಟ್ರೋಜನ್ ಉಸಿರುಗಟ್ಟಿಸುವ ಹೊಸ ಅಪಾಯವನ್ನೂ ತರುತ್ತದೆ, ಇದು ಹಲವರು ಮರೆಯುವ ಮಾತು. ವೆಂಟ್ (ಅನಿಲ ಹೊರಹೋಗುವ ಕೊಳವೆ) ಕಟ್ಟಡದ ಹೊರಗೆ ತೆರೆಯಲಿ. ರಿಯಾಕ್ಟರ್‌ನೊಳಗೆ ಆಮ್ಲಜನಕ ಶೇ 19.5ಕ್ಕಿಂತ ಕಡಿಮೆಯಿದ್ದರೆ ಯಾರನ್ನೂ ಇಳಿಸಬೇಡಿ, ಬಿದ್ದವರನ್ನು ಎತ್ತಲು ಹೋಗುವವರನ್ನೂ ಉಸಿರಾಟದ ಉಪಕರಣವಿಲ್ಲದೆ ಬಿಡಬೇಡಿ.