ಹರಿವೆ ಸಸಿಗೆ ಅಯಾನು ಗಾಳಿ ಬಿಟ್ಟ ಕಥೆ

ಕೆಟ್ಟುಹೋದ ಏರ್ ಪ್ಯೂರಿಫೈಯರ್ ಒಂದನ್ನು ಗುಜರಿಗೆ ಹಾಕುವ ಮೊದಲು ಬಿಚ್ಚಿ ನೋಡಿದೆ. ಒಳಗಿನ ಅಯೊನೈಸರ್ ಇನ್ನೂ ಜೀವಂತ ಇತ್ತು. ಬೆಂಕಿಪೊಟ್ಟಣದಷ್ಟು ಡಬ್ಬಿ, ತುದಿಗೆ ಕಾರ್ಬನ್ ನೂಲಿನ ಕುಂಚ. 12 ವೋಲ್ಟ್ ಕೊಟ್ಟರೆ ಅದು ಕೆಲವು ಸಾವಿರ ವೋಲ್ಟ್ ಮಾಡಿ ಕುಂಚದಿಂದ ಗಾಳಿಗೆ ಋಣ ಅಯಾನುಗಳನ್ನು, ಅಂದರೆ ಋಣ ಚಾರ್ಜ್ ಹೊತ್ತ ಸಣ್ಣ ಕಣಗಳನ್ನು, ಬಿಡುತ್ತದೆ.

ಇದರಿಂದ ಗಿಡ ಬೇಗ ಬೆಳೆಯುತ್ತದೆ ಅನ್ನುವುದು ಹಳೇ ಮಾತು. ಫ್ರಾನ್ಸಿನ ಪಾದ್ರಿ ನೊಲ್ಲೆ 1740ರ ದಶಕದಲ್ಲೇ ಸಾಸಿವೆ ಬೀಜಕ್ಕೆ ವಿದ್ಯುತ್ ಕೊಟ್ಟು ಬೇಗ ಮೊಳೆತದ್ದನ್ನು ನೋಡಿದ್ದರು. 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ವಿಜ್ಞಾನಿ ಆಲ್ಬರ್ಟ್ ಕ್ರೂಗರ್ ಬಾರ್ಲಿ, ಓಟ್ಸ್ ಸಸಿಗಳ ಮೇಲೆ ನೋಡಿದಾಗ ಧನ ಅಯಾನು, ಋಣ ಅಯಾನು ಎರಡರಿಂದಲೂ ಬೆಳವಣಿಗೆ ಜಾಸ್ತಿಯಾಗಿತ್ತು. ಸರಿ, ನಾವೂ ನೋಡುವ ಅಂತ ಜನವರಿಯಲ್ಲಿ, ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ, ಎರಡು ಟ್ರೇಗೆ ಹರಿವೆ ಬಿತ್ತಿ ಒಂದಕ್ಕೆ ಮಾತ್ರ ಅಯೊನೈಸರ್ ಇಟ್ಟೆ.

ಹತ್ತೇ ದಿನಕ್ಕೆ ಅಯಾನು ಟ್ರೇ ಎದ್ದು ಕಾಣುವಷ್ಟು ಮುಂದೆ! ಎಲ್ಲರಿಗೂ ಫೋಟೋ ಕಳಿಸಿದೆ. ಅಮ್ಮ ಬಂದು ನೋಡಿ, "ಅದು ಕಿಟಕಿ ಬದಿಯದ್ದಲ್ವಾ?" ಅಂದರು. ಮಾತೇ ಹೊರಡಲಿಲ್ಲ. ಜಾಗ ಅದಲುಬದಲು ಮಾಡಿ ಮತ್ತೆ ಬಿತ್ತಿದರೆ ಈ ಸಲ ಅಯಾನು ಇಲ್ಲದ ಟ್ರೇ ಗೆದ್ದಿತು, ಅಂದರೆ ಅಷ್ಟು ದಿನ ನಾನು ಅಳೆದದ್ದು ಬಿಸಿಲನ್ನು ಮಾತ್ರ.

ಆಮೇಲೆ ಇನ್ನೊಂದು ತಪ್ಪು ಗೊತ್ತಾಯಿತು. ಪ್ಲಾಸ್ಟಿಕ್ ಟ್ರೇ, ಅದರಡಿ ಪ್ಲಾಸ್ಟಿಕ್ ಸ್ಟೂಲು. ಗಿಡಕ್ಕೆ ಬಂದ ಚಾರ್ಜ್ ಹೋಗುವುದಾದರೂ ಎಲ್ಲಿಗೆ? ಸಸಿಯೇ ಋಣವಾಗಿಬಿಟ್ಟು ಹಿಂದೆ ಬರುವ ಅಯಾನುಗಳನ್ನು ದೂರ ತಳ್ಳುತ್ತದೆ. ಎರಡೂ ಟ್ರೇಯ ಮಣ್ಣಿಗೆ ಮೊಳೆ ಚುಚ್ಚಿ, ತಂತಿ ಎಳೆದು ಅಂಗಳದಲ್ಲಿ ಹುಗಿದ ಕಬ್ಬಿಣದ ಸರಳಿಗೆ ಕಟ್ಟಿದೆ. ಬೆಳಕಿಗೆ ಕಿಟಕಿ ಬೇಡ ಅಂತ ಎರಡಕ್ಕೂ ಒಂದೇ ಥರದ ಎಲ್‌ಇಡಿ ಟ್ಯೂಬು, ಮಧ್ಯೆ ಒಂದು ರಟ್ಟಿನ ಗೋಡೆ. ಹನ್ನೆರಡನೇ ದಿನ ಅಳೆದಾಗ ಅಯಾನು ಬದಿಯ ಸಸಿಗಳು ಸರಾಸರಿ ಅರ್ಧ ಸೆಂಟಿಮೀಟರ್ ಉದ್ದ. ಅಷ್ಟೇ ಮಾರಾಯ್ರೆ, ಅರ್ಧ! ಒಂದೇ ಸಲದ ಅಳತೆ ಬೇರೆ, ಅದನ್ನು ನಂಬಿ ಯಾರೂ ಅಯೊನೈಸರ್ ಕೊಳ್ಳಬೇಡಿ.

ಜಾಸ್ತಿ ಆಗಲಿ ಅಂತ ಕುಂಚವನ್ನು ಸಸಿಗಳಿಂದ ಒಂದೇ ಗೇಣು ದೂರಕ್ಕೆ ತಂದೆ. ಚುರ್ ಅನ್ನುವ ಸದ್ದು, ಓಝೋನಿನ ಘಾಟು, ಮೂರು ದಿನಕ್ಕೆ ಎಲೆ ತುದಿಗಳೆಲ್ಲ ಕಂದು. ಓಝೋನ್ ಎಲೆಯನ್ನು ಸುಡುತ್ತದೆ. ಈಗ ಎರಡು ಅಡಿ ದೂರದಲ್ಲೇ ಇಡುತ್ತೇನೆ.

ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ತುಳು ತಿಂಗಳಲ್ಲಿ, ಅದನ್ನೇ ಮತ್ತೆ ಮಾಡಿದೆ, ವ್ಯತ್ಯಾಸ ಸೊನ್ನೆ. ನಮ್ಮ ಮಳೆಗಾಲದ ಗಾಳಿ ಗೊತ್ತಲ್ವಾ, ಹಪ್ಪಳ ಐದು ನಿಮಿಷಕ್ಕೆ ಮೆತ್ತಗಾಗುತ್ತದೆ. ಅಂಥ ಗಾಳಿಯಲ್ಲಿ ಅಯಾನಿಗೆ ನೀರಿನ ಕಣ ಅಂಟಿ ಭಾರವಾಗಿ ನಿಧಾನವಾಗುತ್ತದೆ, ಜೊತೆಗೆ ಒದ್ದೆ ಧೂಳು ಹಿಡಿದ ಡಬ್ಬಿಯ ಮೈಮೇಲಿಂದಲೇ ಚಾರ್ಜ್ ಸೋರುತ್ತದೆ. ನನ್ನ ಮಟ್ಟಿಗೆ ಇದು ಡಿಸೆಂಬರ್, ಜನವರಿಯ ಆಟ. ಸದ್ಯಕ್ಕೆ ಡಬ್ಬಿ ಅಕ್ಕಿ ಡ್ರಮ್ಮಿನೊಳಗೆ ಉಂಟು. ಪ್ರಯೋಗದ ಹೊತ್ತಲ್ಲಿ ಡಬ್ಬಿಯ ಹಿಂದಿದ್ದ ಗೋಡೆ ಧೂಳು ಎಳೆದುಕೊಂಡು ಮಸಿಯ ಹಾಗೆ ಕಪ್ಪಾಗಿದೆ, ಸುಣ್ಣ ಹೊಡೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.