ಶಿಮ್ಲಾದಲ್ಲಿ ಮೊದಲ ಹಿಮ ನೋಡಬೇಕಾ? ಹೀಗೆ ಮಾಡಿ

ತಿಂಗಳ ಮುಂಚೆಯೇ ಟಿಕೆಟ್ ಬುಕ್ ಮಾಡಬೇಡಿ. ಡಿಸೆಂಬರ್ ಮಧ್ಯದಿಂದ ಹವಾಮಾನ ಇಲಾಖೆಯ ಮುನ್ಸೂಚನೆ ನೋಡುತ್ತಿರಿ, ಪಶ್ಚಿಮದಿಂದ ಮೋಡ ಬರುತ್ತಿದೆ, ಚಳಿಯೂ 0 ಡಿಗ್ರಿ ಹತ್ತಿರ ಇದೆ ಅಂದರೆ ಹೊರಟುಬಿಡಿ. ಊರ ನಡುವಿನ ಬಯಲು ಜಾಗವಾದ ರಿಡ್ಜ್‌ಗೆ ನಡೆದು ಹೋಗುವಷ್ಟು ಹತ್ತಿರ ರೂಮ್ ಮಾಡಿ, ಯಾಕಂದ್ರೆ ಹಿಮ ಬಿದ್ದ ಮೇಲೆ ರಸ್ತೆಗಳು ಜಾರುತ್ತವೆ, ಕೆಲವು ಬಂದ್ ಆಗುತ್ತವೆ, ಟ್ಯಾಕ್ಸಿ ಸಿಗುವುದು ಕಷ್ಟ. ಶಿಮ್ಲಾದಲ್ಲಿ ಬರೀ ಮಳೆಯಾದರೆ ಬೇಜಾರಾಗಬೇಡಿ, ಹತ್ತಿರದಲ್ಲೇ ಇನ್ನೂ ಎತ್ತರದಲ್ಲಿರುವ ಕುಫ್ರಿಯಲ್ಲಿ ಅದೇ ಹೊತ್ತಿಗೆ ಹಿಮ ಬೀಳುತ್ತಿರಬಹುದು.

ಶುರುವಾದ ಕೂಡಲೇ ಹೊರಗೆ ಬನ್ನಿ. ಫೋನ್ ಆಮೇಲೆ. ಕಪ್ಪು ಸ್ವೆಟರ್ ಹಾಕಿದ ಕೈ ಚಾಚಿ, ಅದೃಷ್ಟವಿದ್ದರೆ ಆರು ಮೂಲೆಯ ಹರಳು ಬರಿಗಣ್ಣಿಗೇ ಕಾಣುತ್ತದೆ, ಆ ಖುಷಿಗೆ ಚಳಿಯೇ ಮರೆತುಹೋಗುತ್ತದೆ! ಬೂಟು ಮಾತ್ರ ಒಳ್ಳೆ ಹಿಡಿತ ಇರುವುದೇ ಬೇಕು.